ಪಡಸಾಲೆಯ ಪ್ರಾರ್ಥನೆ

ಝಳಕಿ ದಾಟಿದ ಮೇಲೆ ಹೆದ್ದಾರಿ ಬದಿಯ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಅವ್ವ ನರ್ಸ್ ಆಗಿ ನಿವೃತ್ತಳಾದವಳು. ನಾನು ಇಂಡಿ ಪಟ್ಟಣದ ಶಾಲೆಯೊಂದರಲ್ಲಿ ಟೀಚರ್. ನಮ್ಮ ಹಳ್ಳಿಯಲ್ಲಿ ಕ್ರೈಸ್ತರೆಂದರೆ ನಮ್ಮದೂ ಸೇರಿ ನಾಲ್ಕೇ ಮನೆಯವರು. ಚರ್ಚು ದೂರ ಎಂದು ಭಾನುವಾರ ನಮ್ಮ ಪಡಸಾಲೆಯಲ್ಲೇ ಸೇರಿ ಪ್ರಾರ್ಥನೆ ಮಾಡುತ್ತಿದ್ದೆವು.

ಹೋದ ವರ್ಷ ಜೋಳದ ರಾಶಿಯ ಹೊತ್ತಿಗೆ, ಒಂದು ಭಾನುವಾರ, ಹಾಡು ಅರ್ಧಕ್ಕೆ ಬಂದಾಗ ಅಂಗಳದಲ್ಲಿ ಬೈಕುಗಳು ನಿಂತ ಸದ್ದಾಯಿತು. ಏಳೆಂಟು ಯುವಕರು ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದರು. ಮುಂದಿದ್ದವನು ಎಷ್ಟೋ ಸಲ ಬಸ್ಸಿನಲ್ಲಿ ನನಗೆ ಸೀಟು ಬಿಟ್ಟುಕೊಟ್ಟವನು. ಅಂದು ನನ್ನ ಮುಖ ನೋಡಲಿಲ್ಲ.

“ಯಾರನ್ನ ಮತಾಂತರ ಮಾಡಾಕತ್ತೀರಿ?” ಎಂದ.

“ಯಾರನ್ನೂ ಇಲ್ಲಪಾ. ಇವರೆಲ್ಲಾ ನಮ್ಮವರ ಅದಾರ,” ಎಂದಳು ಅವ್ವ.

ಅವನು ಫೋನು ಎತ್ತಿ ನಮ್ಮ ಮುಖಗಳನ್ನು ಒಂದೊಂದಾಗಿ ವಿಡಿಯೊ ಮಾಡಿದ. ಯಾರೂ ಕೈ ಮಾಡಲಿಲ್ಲ. ಆದರೆ ಆ ಫೋನು ನನ್ನ ಮುಂದೆ ನಿಂತಾಗ ಹಾಡಿನ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದೆ.

ಪೊಲೀಸರು ಬಂದು ಠಾಣೆಗೆ ಕರೆದದ್ದು ಅವರನ್ನಲ್ಲ, ನಮ್ಮನ್ನು. ಠಾಣೆಯ ಸಾಹೇಬರು ಒರಟಾಗಿರಲಿಲ್ಲ. ಕುರ್ಚಿ ಕೊಟ್ಟು, “ಸ್ವಲ್ಪ ದಿನ ಪ್ರಾರ್ಥನಾ ನಿಲ್ಲಸ್ರಿ ಅಕ್ಕಾರ. ಊರಾಗ ಶಾಂತಿ ಇರಬೇಕಲ್ರಿ,” ಎಂದರು.

ಅವ್ವ ಒಪ್ಪಿಕೊಂಡರೆ ಸಾಕು, ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಕೇಳಿದಳು:

“ಶಾಂತಿ ಕೆಡಿಸಿದವ್ರು ಯಾರ್ರಿ ಸಾಹೇಬ್ರ? ನಮ್ಮ ಮನ್ಯಾಗ ನಾವು ದೇವರ ಹೆಸರು ತಗೋಬಾರದಂತ ಕಾನೂನಿನಾಗ ಇದ್ರ, ಹಂಗಂತ ನೀವು ಬರದು ಸಹಿ ಮಾಡಿ ಕೊಡ್ರಿ. ನಿಲ್ಲಸ್ತೇವಿ.”

ಸಾಹೇಬರು ಪೆನ್ನು ಮುಟ್ಟಲಿಲ್ಲ. ಕಿಟಕಿಯ ಕಡೆ ನೋಡಿದರು. ಠಾಣೆಯ ಹೊರಗೆ ಆ ಯುವಕರು ಇನ್ನೂ ನಿಂತಿದ್ದರು. ಕೊನೆಗೆ, “ಹಂಗ ಬರದು ಕೊಡಾಕ ಬರೂದಿಲ್ರಿ. ಮುಂದಿನ ವಾರ ಒಬ್ಬ ಪೇದೆನ್ನ ಕಳಸ್ತೇನಿ,” ಎಂದರು. ನಾವು ಹಿಂಬಾಗಿಲಿನಿಂದ ಹೊರಬಿದ್ದೆವು.

ಮುಂದಿನ ಭಾನುವಾರ ಪೇದೆ ಬಂದು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತ. ಒಳಗೆ ಬಂದವರು ಪಕ್ಕದ ಓಣಿಯ ಮುದುಕ ಮುದುಕಿ ಮಾತ್ರ. ಅವ್ವ ಹಾಡು ಎತ್ತಿದಳು. ಬೀದಿಯಲ್ಲಿ ಬೈಕಿನ ಸದ್ದು ಹತ್ತಿರವಾಯಿತು. ನಾಲ್ವರೂ ಒಟ್ಟಿಗೆ ಬಾಯಿ ಮುಚ್ಚಿದೆವು. ಮುದುಕಿ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

“ಹಾಲಿನವ ಅದಾನ್ರಿ. ನಡೀಲಿ,” ಎಂದ ಪೇದೆ ಹೊರಗಿನಿಂದ.

ಅವ್ವ ಬಿಟ್ಟಲ್ಲಿಂದ ಮುಂದುವರಿಸಿದಳು. ನಾನು ಬಾಗಿಲ ಕಡೆ ನೋಡುತ್ತಲೇ ಕೂತಿದ್ದೆ.

ಕೆಲವು ವಾರಗಳ ನಂತರ ಪೇದೆ ಬರುವುದು ನಿಂತಿತು. ನಾವು ಈಗಲೂ ಸೇರುತ್ತೇವೆ. ಉಳಿದೆರಡು ಮನೆಯವರು ದಾರಿಯಲ್ಲಿ ಸಿಕ್ಕರೆ, “ಮುಂದಿನ ವಾರ ನೋಡೂಣ್ರಿ,” ಎನ್ನುತ್ತಾರೆ. ನಾನು ಒತ್ತಾಯ ಮಾಡುವುದಿಲ್ಲ.