ಅಕ್ಕನ ಗೋಲಿ ಟೀ

ಕಳೆದ ತಿಂಗಳು ಮೈಸೂರಿನಲ್ಲಿ ತಂಗಿಯ ಮಗಳು ನನ್ನನ್ನೊಂದು ಹೊಸ ಅಂಗಡಿಗೆ ಕರೆದುಕೊಂಡು ಹೋಗಿ ಬಬಲ್ ಟೀ ಕೊಡಿಸಿದಳು. ದಪ್ಪ ಸ್ಟ್ರಾದಲ್ಲಿ ಹೀರಿದಾಗ ಟೀ ಜೊತೆ ಒಂದು ಕಪ್ಪು ಗುಂಡು ಬಾಯಿಗೆ ಬಂತು. ಕಚ್ಚಿದೆ. ಕಾಯಿಸಿದ ಬೆಲ್ಲದ ವಾಸನೆ ಮೂಗಿಗೇರಿತು. ಅದನ್ನು ನುಂಗುವುದಕ್ಕೂ ಆಗಲಿಲ್ಲ, ಉಗುಳುವುದಕ್ಕೂ ಆಗಲಿಲ್ಲ...

ಇಪ್ಪತ್ತು ವರ್ಷದ ಹಿಂದಿನ ಮಾತು. ಹುಣಸೂರಿನ ಹತ್ತಿರದ ಒಂದು ಶಾಲೆಗೆ ಟೀಚರಾಗಿ ಸೇರಿದ್ದೆ. ಊರಲ್ಲಿ ಬಾಡಿಗೆಗೆ ಸಿಕ್ಕಿದ್ದು ಒಂದು ವಠಾರದ ಕೊನೆಯ ಮನೆ. ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸು ಮತ್ತು ಅವಳ ಗಂಡ ಇದ್ದರು. ನನಗಿಂತ ದೊಡ್ಡವಳೆಂದು ಅವಳನ್ನು ಅಕ್ಕ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಅಕ್ಕ ಬಟ್ಟೆ ಹೊಲಿಯುತ್ತಿದ್ದಳು, ಅವನು ಮರ ಕೊಯ್ಯುವ ಮಿಲ್ಲಿನಲ್ಲಿದ್ದ.

ಎರಡು ಮನೆಗೂ ನಡುವೆ ಒಂದೇ ಗೋಡೆ. ನಾನು ಬಂದ ಮೊದಲ ವಾರವೇ ಅವಳ ತಲೆ ಆ ಗೋಡೆಗೆ ಬಡಿದು, ಈಚೆ ಕಡೆ ನನ್ನ ಗೂಡಿನಲ್ಲಿದ್ದ ಲೋಟಗಳು ಉರುಳಿಬಿದ್ದವು. ಮರುದಿನ ಕೇಳಿದರೆ ಬಾಗಿಲು ತಗುಲಿತು ಎಂದಳು. ಇನ್ನೊಂದು ಸಲ ಅವಳ ಜಡೆಯನ್ನು ಹೊಲಿಗೆ ಮೆಷಿನ್ನಿನ ಚಕ್ರಕ್ಕೆ ಸುತ್ತಿ ತಿರುಗಿಸಿದ್ದ. ನೆತ್ತಿಯ ಮೇಲೆ ಕಾಸಿನಗಲ ಕೂದಲು ಬೇರುಸಮೇತ ಕಿತ್ತುಬಂದಿತ್ತು. ಏಟಿನ ಸದ್ದು ಶುರುವಾದರೆ ವಠಾರದವರು ಟೀವಿ ಜೋರು ಮಾಡಿಕೊಳ್ಳುತ್ತಿದ್ದರು. ನಾನು ರೇಡಿಯೋ ಜೋರು ಮಾಡುತ್ತಿದ್ದೆ...

ಗುರುಪುರದ ಟಿಬೆಟಿಯನ್ ಕ್ಯಾಂಪಿನ ಹೆಂಗಸರಿಗೆ ಅಕ್ಕ ಬಟ್ಟೆ ಹೊಲಿದುಕೊಡುತ್ತಿದ್ದಳು. ಅಲ್ಲೊಂದು ಮನೆಯ ಸಂಬಂಧಿಕರು ತೈವಾನಿನಿಂದ ಒಣಗಿದ ಕಪ್ಪು ಗುಂಡುಗಳ ಪೊಟ್ಟಣ ತಂದಿದ್ದರಂತೆ. ಅದನ್ನು ಬೇಯಿಸಿ ಟೀಗೆ ಹಾಕಿ ಇವಳಿಗೂ ಒಂದು ಲೋಟ ಕೊಟ್ಟಿದ್ದರು. ಆವತ್ತು ಕ್ಯಾಂಪಿನಿಂದ ಬಂದವಳು ಸೀದಾ ನನ್ನ ಮನೆಗೆ ಬಂದಳು. ಟೀಯನ್ನು ಕುಡಿಯುವುದಲ್ಲದೆ ಅಗಿಯುವುದೂ ಉಂಟೆಂದು ಹೇಳಿ ಹೇಳಿ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದಕ್ಕೆ ಗೋಲಿ ಟೀ ಎಂದು ಅವಳೇ ಹೆಸರಿಟ್ಟಳು.

ಮನೆಯಲ್ಲೇ ಮಾಡಬೇಕೆಂದು ಹಟ ಹಿಡಿದಳು. ಮೊದಲು ಅಂಗಡಿಯ ಸಬ್ಬಕ್ಕಿ ಬೇಯಿಸಿದೆವು, ಕರಗಿ ಗಂಜಿಯಾಯಿತು. ಮರಗೆಣಸಿನಿಂದ ಮಾಡುತ್ತಾರೆಂದು ಕ್ಯಾಂಪಿನಲ್ಲಿ ಕೇಳಿಕೊಂಡು ಬಂದಳು. ಎಚ್.ಡಿ. ಕೋಟೆಯಲ್ಲಿ ಕೇರಳದವರ ಅಂಗಡಿಯಿಂದ ನಾನು ಗೆಣಸು ತಂದೆ. ಅದನ್ನು ತುರಿದು, ಪಂಚೆಯಲ್ಲಿ ಹಿಂಡಿ, ತಳಕ್ಕೆ ಇಳಿದ ಬಿಳಿ ಹಿಟ್ಟನ್ನು ತಾರಸಿಯ ಮೇಲೆ ಎರಡು ದಿನ ಒಣಗಿಸಿದೆವು. ಭಾನುವಾರ ಮಧ್ಯಾಹ್ನ ಅವಳ ಅಡುಗೆಮನೆಯಲ್ಲಿ ಕುಳಿತು, ಕುದಿಯುವ ಬೆಲ್ಲದ ನೀರಿನಲ್ಲಿ ಹಿಟ್ಟು ಕಲಸಿ, ಕಡಲೆ ಗಾತ್ರದ ಉಂಡೆ ಕಟ್ಟಿದೆವು. ಬಿಸಿ ನೀರಿಗೆ ಹಾಕಿದಾಗ ಮುಳುಗಿದ ಉಂಡೆಗಳು ಒಂದೊಂದಾಗಿ ತೇಲಿ ಬಂದವು. ದಪ್ಪ ಸ್ಟ್ರಾ ಎಲ್ಲಿ ಸಿಗಬೇಕು? ಅಕ್ಕ ಹಿತ್ತಲಿನಿಂದ ಪರಂಗಿ ಎಲೆಯ ಟೊಳ್ಳು ದಂಟು ಕುಯ್ದು ತೊಳೆದು ತಂದಳು. ದಂಟಿನ ಕಹಿ, ಬೆಲ್ಲದ ಸಿಹಿ... ಇಬ್ಬರೂ ಲೋಟ ಹಿಡಿದು, ಉಂಡೆ ಗಂಟಲಿಗೆ ಸಿಕ್ಕಿ ಕೆಮ್ಮಿ ನಗುತ್ತಿದ್ದೆವು. ಸ್ಟೌ ಮೇಲೆ ಇನ್ನೊಂದು ಸರ್ತಿಗೆಂದು ಬೆಲ್ಲದ ಪಾಕ ಕುದಿಯುತ್ತಿತ್ತು.

ಅವನು ಬಂದಿದ್ದು ನಮಗೆ ಗೊತ್ತಾಗಲಿಲ್ಲ. ಬಾಗಿಲಲ್ಲಿ ನಿಂತು, ಏನು ನೋಡಿಕೊಂಡು ನಗುತ್ತಿದ್ದೀರಿ ಎಂದ. ಅಕ್ಕನ ನಗು ಇನ್ನೂ ಪೂರ್ತಿ ನಿಂತಿರಲಿಲ್ಲ, ಅದೇ ತಪ್ಪಾಯಿತು. ಲೋಟವನ್ನು ಕಿತ್ತು ಅವಳ ಬಾಯಿಗೆ ಗುದ್ದಿದ, ಹಲ್ಲು ಮುರಿಯಿತು. ಆಮೇಲೆ ಅವಳ ಬಲಗೈಯ ಮಣಿಕಟ್ಟು ಹಿಡಿದು ಎಳೆದು, ಕುದಿಯುವ ಪಾಕದೊಳಗೆ ಅದ್ದಿ ಹಿಡಿದ. ನೀರಾದರೆ ಜಾರಿಹೋಗುತ್ತದೆ, ಪಾಕ ಕಚ್ಚಿಕೊಳ್ಳುತ್ತದೆ. ಆ ಕೂಗನ್ನು ಹೇಗೆ ಬರೆಯಬೇಕೋ ನನಗೆ ಗೊತ್ತಿಲ್ಲ.

ನಾನು ಕುಳಿತಿದ್ದ ಮಣೆ ಎತ್ತಿ ಅವನ ತಲೆಗೆ ಹೊಡೆದೆ. ಒಂದೇ ಏಟಿಗೆ ಅವನು ಅವಳ ಕೈ ಬಿಟ್ಟಿದ್ದ. ಎರಡನೆಯದು ಬೇಕಿರಲಿಲ್ಲ. ಮೂರನೆಯದನ್ನೂ ಹೊಡೆದೆ.

ಅವನ ತಲೆಗೆ ಹೊಲಿಗೆ ಬಿತ್ತು. ಟೀಚರು ಮನೆಗೆ ನುಗ್ಗಿ ಹೊಡೆದಳೆಂದು ಅವನ ಕಡೆಯವರು ದೂರು ಕೊಟ್ಟರು. ನನ್ನ ಕೆಲಸ ಹೋಗುವುದೇ ಸೈ ಅಂದುಕೊಂಡೆ. ಪೊಲೀಸಿನವರು ಅಕ್ಕನ ಹೇಳಿಕೆಗೆ ಆಸ್ಪತ್ರೆಗೆ ಬಂದರು. ಇಷ್ಟು ವರ್ಷ ಪ್ರತಿ ಗಾಯಕ್ಕೂ ಬಿದ್ದೆ, ಜಾರಿದೆ ಎಂದೇ ಹೇಳಿದವಳು. ಅವಳ ಅತ್ತೆ ಮಂಚದ ಪಕ್ಕದಲ್ಲೇ ನಿಂತಿದ್ದಳು. ಅಕ್ಕ ಬ್ಯಾಂಡೇಜಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಮುರಿದ ಹಲ್ಲಿನ ಸಂದಿಯಿಂದ ಮೆಲ್ಲಗೆ ಹೇಳಿದಳು.

"ಬರ್ಕಳಿ ಸಾ. ಅವ್ನೇ ನನ್ ಕೈಯ ಪಾಕ್ದೊಳಕ್ಕೆ ಅದ್ದಿದ್ದು. ಮೇಡಂ ಇಲ್ದೆ ಇದ್ದಿದ್ರೆ ಮಕಾನೂ ಅದ್ದೋನು. ಅವ್ರದೇನೂ ತಪ್ಪಿಲ್ಲ."

ತನಗಾಗಿ ಒಮ್ಮೆಯೂ ಬಾಯಿ ತೆರೆಯದವಳು ನನಗಾಗಿ ತೆರೆದಳು. ಮದುವೆಯಾದಾಗಿನಿಂದ ಹನ್ನೊಂದು ವರ್ಷದ್ದನ್ನೂ ಹೇಳಿದಳು. ಅವನನ್ನು ಹಿಡಿದುಕೊಂಡು ಹೋದರು, ನನ್ನ ಮೇಲಿನ ದೂರು ಬಿದ್ದುಹೋಯಿತು.

ಅಕ್ಕನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡೇ ವಾಸಿಯಾದವು. ಕತ್ತರಿ ಹಿಡಿಯಲು ಬರುತ್ತಿರಲಿಲ್ಲ. ಮಿರ್ಲೆಯಲ್ಲಿ ಅಣ್ಣನ ಮನೆ ಸೇರಿದಳು. ನಾನು ಕೇಳಿಕೊಂಡು ಮೈಸೂರಿಗೆ ವರ್ಗ ಮಾಡಿಸಿಕೊಂಡೆ. ಕೆಲವು ತಿಂಗಳಲ್ಲಿ ಅವನು ಜಾಮೀನಿನ ಮೇಲೆ ಹೊರಬಂದನೆಂದು ತಿಳಿಯಿತು.

ಒಂದು ಸಂಜೆ ಅಕ್ಕ ಫೋನ್ ಮಾಡಿದಳು. "ಮೇಡಂ, ಅವ್ನು ಎಲ್ಡು ದಪ ಇಲ್ಗಂಟ ಬಂದೋದ. ಒಂದ್ ತಿಂಗ್ಳು ನಿಮ್ಮನೇಲಿ ಇರ್ಲಾ? ಎಡಗೈಲೇ ಅಡ್ಗೆ ಮಾಡಾಕ್ತೀನಿ."

ಶಾಲೆ ಮಕ್ಕಳ ಪರೀಕ್ಷೆ ಮುಗಿಯಲಿ ಅಕ್ಕ, ಆಮೇಲೆ ಬನ್ನಿ ಎಂದೆ. ಪರೀಕ್ಷೆ ಇದ್ದದ್ದು ನಿಜ. ಆದರೆ ಕಾರಣ ಅದಲ್ಲ. ಅವನು ನನ್ನ ಬಾಗಿಲಿಗೂ ಬಂದಾನು ಎಂದು ಹೆದರಿದ್ದೆ.

"ಆಯ್ತು ಬುಡಿ ಮೇಡಂ," ಎಂದಳು. ಅವಳ ದನಿಯಲ್ಲಿ ಬೇಜಾರಿರಲಿಲ್ಲ.

ಅದಾಗಿ ಒಂಬತ್ತನೆಯ ದಿನ ಬೆಳಿಗ್ಗೆ, ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು ಸರದಿಗೆ ನಿಂತಿದ್ದವಳನ್ನು ಅವನು ಮಚ್ಚಿನಿಂದ ಕಡಿದ. ತಡೆಯಲೆಂದು ಎತ್ತಿದ ಕೈಯ ಮೇಲೆ ಮೂರು ಏಟು, ಕುತ್ತಿಗೆಯ ಮೇಲೆ ಎರಡು. ಹತ್ತಾರು ಜನ ನೀರಿಗೆ ನಿಂತಿದ್ದರು. ನಾನು ಹೋಗುವಷ್ಟರಲ್ಲಿ ನಲ್ಲಿಕಟ್ಟೆಯನ್ನು ತೊಳೆದಿದ್ದರು. ಅವಳ ಅಣ್ಣ ನನ್ನನ್ನು ನೋಡಿ, ನಿಮ್ಮ ಮನೆಗೆ ಹೋಗ್ತೀನಿ ಅಂತ ಬ್ಯಾಗಿಗೆ ಬಟ್ಟೆ ತುಂಬಿಟ್ಟಿದ್ದಳು ಎಂದ...

ಕೋರ್ಟಿನಲ್ಲಿ ಸಾಕ್ಷಿ ಹೇಳಿದೆ. ಸ್ಟೌ ಎಲ್ಲಿತ್ತು, ಯಾವ ಕೈ ಹಿಡಿದ, ನಾನೆಷ್ಟು ದೂರದಲ್ಲಿದ್ದೆ, ಎಲ್ಲ ಕೇಳಿದರು. ಎಲ್ಲದಕ್ಕೂ ನಿಜವನ್ನೇ ಹೇಳಿದೆ. ಅವನಿಗೆ ಜೀವಾವಧಿ ಆಯಿತು. ಹೊರಗೆ ಬಂದಾಗ ಅಕ್ಕನ ಅಣ್ಣ ನನಗೆ ಕೈಮುಗಿದ. ಆ ಫೋನಿನ ವಿಷಯವನ್ನು ಮಾತ್ರ ಯಾರೂ ಕೇಳಲಿಲ್ಲ. ನಾನಾಗಿ ಹೇಳಲಿಲ್ಲ.

ಈಗ ನನಗೆ ಐವತ್ತು ದಾಟಿದೆ. ಅಕ್ಕ ಮೂವತ್ತಾರಕ್ಕೇ ನಿಂತುಬಿಟ್ಟಿದ್ದಾಳೆ. ಅವಳಿಗಿಂತ ನಾನೇ ದೊಡ್ಡವಳಾಗಿ ಎಷ್ಟೋ ವರ್ಷವಾಯಿತು, ಆದರೂ ಅವಳನ್ನು ಬೇರೆ ಹೆಸರಿನಿಂದ ಕರೆಯಲು ಬಾಯಿ ಬರುವುದಿಲ್ಲ. ಈ ಮಾತನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ: ಫೋನಿನಲ್ಲಿ ಬನ್ನಿ ಎಂದಿದ್ದರೆ ಅವಳು ಆವತ್ತೇ ರಾತ್ರಿಯ ಬಸ್ಸಿಗೆ ಬಂದುಬಿಡುತ್ತಿದ್ದಳು.