ಅಜ್ಜನ ಮಣ್ಣಿಗೆ ಇಟಲಿಗೆ ಹೋದದ್ದು

ನಮ್ಮ ಕಡೆ ಅಂತ್ಯಕ್ರಿಯೆಗೆ ಹೋಗುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತಾರೆ. ನಮ್ಮ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಕುಣಿಯಲ್ಲಿ ಇಳಿಸಿದ ಮೇಲೆ ಮೊದಲ ಹಿಡಿ ಮಣ್ಣು ಮಗನದು. ಎಂಬತ್ತು ದಾಟಿದ ನನ್ನ ಅಪ್ಪ ತನ್ನ ಅಪ್ಪನಿಗೆ ಆ ಹಿಡಿ ಮಣ್ಣು ಕೊಟ್ಟಿರಲಿಲ್ಲ. ಅಪ್ಪ ಇನ್ನೂ ಹೊಟ್ಟೆಯಲ್ಲಿದ್ದಾಗಲೇ ಅಜ್ಜ ಲಕ್ಕಲಕಟ್ಟಿಯಿಂದ ಬೆಳಗಾವಿಗೆ ಹೋಗಿ ಪಲ್ಟನ್ ಸೇರಿದ್ದ. ಎರಡನೇ ಮಹಾಯುದ್ಧಕ್ಕೆಂದು ಹಡಗು ಹತ್ತಿದವನು ಇಟಲಿಯಲ್ಲಿ ಸತ್ತ. ಮನೆಗೆ ಬಂದದ್ದು ಒಂದು ಕಾಗದ ಮಾತ್ರ.

ಆ ಕಾಗದದಲ್ಲಿದ್ದ ಊರಿನ ಹೆಸರು ಹಿಡಿದು ನಾವಿಬ್ಬರೂ ಹೊರಟೆವು. ನಾನು ನರಗುಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಮಾತಾಡುವುದೆಲ್ಲ ನನ್ನ ಜವಾಬ್ದಾರಿ ಎಂದು ಜಂಬದಿಂದ ಒಪ್ಪಿಕೊಂಡಿದ್ದೆ. ಡಾಕ್ಟರು ಬೇಡವೆಂದಿದ್ದರು. ಅಪ್ಪನಿಗೆ ಹತ್ತು ಹೆಜ್ಜೆ ನಡೆದರೆ ಉಬ್ಬಸ ಬರುತ್ತಿತ್ತು. "ಇಲ್ಲೇ ಸಾಯೋದು, ಅಲ್ಲೇ ಸಾಯೋದು, ಎರಡೂ ಒಂದ. ಆದ್ರ ಮಣ್ಣ ಕೊಡದ ಸಾಯಂಗಿಲ್ಲ" ಎಂದ. ಅವನ ಹಟದ ಮುಂದೆ ನನ್ನ ಮಾತು ಎಂದಾದರೂ ನಡೆದದ್ದುಂಟೇ?

ಅಲ್ಲಿನ ಸೈನಿಕರ ಸ್ಮಶಾನ ಹಸಿರಾಗಿ, ಒಪ್ಪವಾಗಿತ್ತು. ಸತ್ತವರ ಹೆಸರಿನ ಪುಸ್ತಕ ದುರಸ್ತಿಗೆ ಹೋಗಿದೆ ಎಂದು ಹುಲ್ಲು ಕತ್ತರಿಸುತ್ತಿದ್ದ ಮಾಲಿ ಹೇಳಿದ. ಅವನಿಗೆ ನನ್ನಷ್ಟೇ ಇಂಗ್ಲಿಷ್ ಬರುತ್ತಿತ್ತು. ಅಜ್ಜನ ಹೆಸರು ಹೇಳಿದೆ. ಅವನು ಎಡಗಡೆಯ ಕಲ್ಲುಗಳ ಸಾಲಿನತ್ತ ಕೈ ತೋರಿಸಿ, ಭಾರತದ ಮುಸ್ಲಿಂ ಸೈನಿಕರು ಅಲ್ಲಿದ್ದಾರೆ ಎಂದ.

"ನಾವು ಹಿಂದೂಗಳು" ಎಂದೆ. ತಪ್ಪು ತಿದ್ದುವುದು ಮೂವತ್ತು ವರ್ಷದ ಚಟ. ಅವನು ಹೆಗಲು ಕುಣಿಸಿ ನಮ್ಮನ್ನು ಬಲಗಡೆಯ ಗೋಡೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದ. ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡಿದ್ದಾರೆ, ಅವರಿಗೆ ಗೋರಿಗಳಿಲ್ಲ, ಹೆಸರುಗಳು ಮಾತ್ರ ಇವೆ ಎಂದ. ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಬೇಕಾದವಳು ನಾನೇ.

ಅಪ್ಪ ಗೋಡೆಗೆ ಅಂಗೈ ಹಚ್ಚಿ ನಿಂತ. "ಸುಟ್ಟಾರೇನು?" ಎಂದು ಕೇಳಿದ. ನಾನು ಗೋಡೆಯ ಹೆಸರುಗಳ ಕಡೆ ತಿರುಗಿದೆ. "ಹೇಳವ್ವಾ, ಸುಟ್ಟಾರೇನು?"

ಅಂದು ಸಂಜೆಯವರೆಗೆ ಆ ಗೋಡೆಯ ಹೆಸರುಗಳನ್ನೆಲ್ಲ ಓದಿದೆ. ಅಜ್ಜನ ಹೆಸರಿರಲಿಲ್ಲ. ಮರುದಿನ ಮತ್ತೆ ಮೊದಲಿನಿಂದ, ಬೆರಳಿಟ್ಟು ಓದಿದೆ. ಇರಲಿಲ್ಲ. ಅಪ್ಪ ನನ್ನ ಮೇಲೆ ಹರಿಹಾಯ್ದ. "ಇಷ್ಟ್ ಕಲ್ತಿ, ನಿನ್ನ ಅಜ್ಜನ ಹೆಸರು ಓದಾಕ ಬರವಲ್ದು!" ನನಗೂ ಸಿಟ್ಟು ಬಂತು. ಸುಟ್ಟವರಿಗೆ ಮಣ್ಣು ಕೊಡುವುದಾದರೂ ಎಲ್ಲಿ, ಊರಿಗೆ ಹೋಗೋಣ ನಡಿ ಎಂದುಬಿಟ್ಟೆ. ಆ ಮಾತು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಅಪ್ಪ ಅಂದು ಊಟ ಮಾಡಲಿಲ್ಲ. ಹೋಟೆಲಿನ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ನೀರು ಕೊಟ್ಟರೂ ಬೇಡವೆಂದು ಕೈಯಾಡಿಸಿದ.

ಮೂರನೆಯ ದಿನ ಮಧ್ಯಾಹ್ನಕ್ಕೆ ನಮ್ಮ ವಿಮಾನ. ಬೆಳಿಗ್ಗೆ ಅಪ್ಪನ ಉಬ್ಬಸ ಹೆಚ್ಚಾಗಿತ್ತು. ಒಂದು ಸಲ ಆ ಗೋಡೆಗೆ ಕೈಮುಗಿದು ಹೋಗೋಣ ಎಂದು ಅಂಗಲಾಚಿದ. ಟ್ಯಾಕ್ಸಿ ಮಾಡಿದೆ. ದಾರಿಯಲ್ಲಿ ಅವನಷ್ಟಕ್ಕೆ ಅವನು ಮಾತಾಡತೊಡಗಿದ.

"ನಮ್ಮವ್ವ ಹೇಳತಿದ್ಲು, ನಮ್ಮಪ್ಪ ಸಣ್ಣಾಂವ ಇದ್ದಾಗಿಂದ ಮೊಹರಮ್ಮಿಗೆ ಫಕೀರ ಆಗತಿದ್ನಂತ. ಕೊಳ್ಳಾಗ ಕೆಂಪ ಲಾಡಿ ಹಾಕ್ಕೊಂಡು ಐದ ಮನಿ ಬೇಡತಿದ್ನಂತ. ಅವನಕಿಂತ ಮೊದಲ ಹುಟ್ಟಿದ್ದು ಮೂರೂ ಹೋಗಿದ್ವು. ಅದಕ್ಕ ಅಲಾಯಿ ದೇವರಿಗೆ ಹರಕಿ ಹೊತ್ತು, ಆ ದೇವರ ಹೆಸರ ಇಟ್ಟಿದ್ರು."

ನಾನು ಅವನ ಕಡೆ ತಿರುಗಿದೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಗಜೇಂದ್ರಗಡದಿಂದ ರೋಣದವರೆಗೆ ಯಾವ ಹಳ್ಳಿಗೆ ಹೋದರೂ ದರ್ಗಾದ ಹೆಸರು, ಮೊಹರಂ ದೇವರ ಹೆಸರು ಹೊತ್ತ ಹಿಂದೂಗಳು ಸಿಗುತ್ತಾರೆ. ನನ್ನ ತರಗತಿಯಲ್ಲೇ ವರ್ಷಕ್ಕೆ ಇಬ್ಬರು ಮೂವರು ಇರುತ್ತಿದ್ದರು. ಹಾಜರಿ ಕೂಗುವಾಗ ಅದು ಯಾರ ಹೆಸರು, ಯಾವ ಜಾತಿಯ ಹೆಸರು ಎಂದು ಒಮ್ಮೆಯೂ ಅನಿಸಿರಲಿಲ್ಲ. ನಮಗದು ನಮ್ಮ ಹೆಸರೇ. ಆದರೆ ಯುದ್ಧದ ನಡುವೆ ಹೆಣದ ಕೊರಳಿನ ಹೆಸರಿನ ಬಿಲ್ಲೆ ಓದಿದ ಯಾವನೋ ಒಬ್ಬನಿಗೆ ಅದು ಹೇಗೆ ಗೊತ್ತಾಗಬೇಕು? ಹೆಸರು ನೋಡಿ ಮುಸ್ಲಿಮನೆಂದುಕೊಂಡು ಹೂಳಿರಬೇಕು. ಮಾಲಿಗೆ ಮೊದಲ ದಿನವೇ ತಿಳಿದದ್ದನ್ನು ನಾನು ತಿದ್ದಿದ್ದೆ.

ಟ್ಯಾಕ್ಸಿ ನಿಲ್ಲುವ ಮೊದಲೇ ಇಳಿದು ಎಡಗಡೆಗೆ ಓಡಿದೆ. ಎರಡನೆಯ ಸಾಲಿನಲ್ಲಿ, ಐದನೆಯ ಕಲ್ಲು. ಮೇಲೆ ಅರಬ್ಬಿ ಅಕ್ಷರ, ಕೆಳಗೆ ಇಂಗ್ಲಿಷಿನಲ್ಲಿ ಅಜ್ಜನ ಹೆಸರು, ಪಲ್ಟನ್ನಿನ ಹೆಸರು. ಮನೆಗೆ ಬಂದ ಕಾಗದದಲ್ಲಿದ್ದ ಅವನ ಪಲ್ಟನ್ ನಂಬರೇ ಕಲ್ಲಿನ ಮೇಲೂ ಇತ್ತು.

ಡ್ರೈವರನೂ ನಾನೂ ಅಪ್ಪನನ್ನು ಎರಡೂ ರಟ್ಟೆ ಹಿಡಿದು ತಂದೆವು. "ಸುಟ್ಟಿಲ್ಲಪ್ಪಾ" ಎಂದೆ. "ಇಲ್ಲೇ ಅದಾನ. ಮಣ್ಣಾಗ ಅದಾನ."

ಅಪ್ಪ ಕುಸಿದು ಕುಳಿತ. ಅರಬ್ಬಿ ಬರಹವನ್ನು ಸವರಿದ. ಏನು ಬರೆದಿದೆ ಎಂದು ಕೇಳಲಿಲ್ಲ. ಕಲ್ಲಿನ ಬುಡದಲ್ಲಿ ಹೂವಿನ ಗಿಡ ನೆಟ್ಟಿದ್ದ ಕಡೆ ಒಂದು ಹಿಡಿ ಮಣ್ಣು ತೆಗೆದು ಹಣೆಗೆ ಮುಟ್ಟಿಸಿ ಗೋರಿಯ ಮೇಲೆ ಹಾಕಿದ. ಮುಗಿಯಿತು ಎಂದುಕೊಂಡೆ. ನನಗೂ ಅಳು ಬಂದಿತ್ತು. ವಿಮಾನಕ್ಕೆ ಹೊತ್ತಾಗುತ್ತಿತ್ತು, ಎಬ್ಬಿಸಲು ಬಗ್ಗಿದೆ.

ಅಪ್ಪ ಏಳಲಿಲ್ಲ. ಇನ್ನೊಂದು ಹಿಡಿ ತೆಗೆದ, ಅದನ್ನು ಪಕ್ಕಕ್ಕೆ ಚೆಲ್ಲಿದ. ಮತ್ತೊಂದು ತೆಗೆದ. ಆಮೇಲೆ ಎರಡೂ ಕೈಯಿಂದ ಕೆದರತೊಡಗಿದ. ಹೂವಿನ ಗಿಡ ಬೇರು ಸಮೇತ ಕಿತ್ತು ಬಂತು. ಮಾಲಿ ದೂರದಿಂದ ಕೂಗುತ್ತ ಬಂದ.

"ಅಪ್ಪಾ, ಏನ ಮಾಡಾಕತ್ತೀ?"

"ಮಣ್ಣ ಕೊಡೂಕಿಂತ ಮೊದಲ ಮಗಗ ಅಪ್ಪನ ಮಾರಿ ತೋರಸ್ತಾರ" ಎಂದ, ತಲೆ ಎತ್ತದೆ. "ನನಗ ಯಾರೂ ತೋರಸಿಲ್ಲ. ಒಂದ ಫೋಟೋ ಸುದ್ದಾ ಇಲ್ಲ. ಬಿಡ ಯವ್ವಾ. ಒಂದ ಸಲ ಮಾರಿ ನೋಡ್ತೀನಿ."

ಉಗುರಿನಲ್ಲಿ ರಕ್ತ ಬಂದಿತ್ತು. ನಾನು ಹಿಂದಿನಿಂದ ತಬ್ಬಿ, ಅವನ ಎರಡೂ ಮುಂಗೈ ಬಿಗಿಯಾಗಿ ಹಿಡಿದುಕೊಂಡೆ. ಅವನು ಬಿಡು ಬಿಡು ಎಂದು ಕೊಸರಾಡುತ್ತಲೇ ಇದ್ದ. ನಾನು ಬಿಡಲಿಲ್ಲ.