ಬೆರೆಂಡಿನಾಳ ಸೈಕಲ್ ದಂಡಯಾತ್ರೆ

ಬೆರೆಂಡಿನಾ ಯಾರನ್ನಾದರೂ ಕ್ಷಮಿಸಿದ್ದನ್ನು ವೆಸ್ಸೆಲ್‌ಬೇಕ ಊರಿನಲ್ಲಿ ಕಂಡವರಿಲ್ಲ. ಉಪ್ಪುನೀರಿನ ಜಾಡಿಗೆ ಹಾಕಿಟ್ಟ ಸೌತೆಕಾಯಿಯಂತೆ ಅವಳ ಸಿಟ್ಟು ವರ್ಷ ಕಳೆದಷ್ಟೂ ರುಚಿಗಟ್ಟುತ್ತಿತ್ತು. ಬೇಲಿ ಸವರುವ ನೆಪದಲ್ಲಿ ತನ್ನ ಸೇಬಿನ ಕೊಂಬೆಯನ್ನು ಕತ್ತರಿಸಿದ ಪಕ್ಕದ ಮನೆಯವನನ್ನು, ಅವನ ಶವಪೆಟ್ಟಿಗೆಯ ಹಿಂದೆ ನಡೆಯುವಾಗಲೂ ಮನಸ್ಸಿನಲ್ಲಿ ಬೈದುಕೊಂಡೇ ನಡೆದಿದ್ದಳು. ಆದರೆ ಇವೆಲ್ಲ ಕೈ ಪಳಗಲೆಂದು ಇಟ್ಟುಕೊಂಡ ಚಿಲ್ಲರೆ ಹಗೆಗಳು. ಅವಳ ದೊಡ್ಡ ಹಗೆ ಅವಳಿಗಿಂತ ಮೊದಲೇ ಹುಟ್ಟಿತ್ತು.

ಅವಳ ಅಪ್ಪ ಎಗ್‌ಬರ್ಟ್ ಊರಿನ ಸೈಕಲ್ ರಿಪೇರಿಯವನು. ಯುದ್ಧಕಾಲದಲ್ಲಿ ಜರ್ಮನ್ನರು ಮನೆಮನೆಯ ಸೈಕಲ್ಲುಗಳನ್ನು ಕಸಿಯುತ್ತ ಬಂದಾಗ ಅವನು ಅರ್ಧ ಊರಿನ ಸೈಕಲ್ಲುಗಳನ್ನು ಆಲೂಗಡ್ಡೆ ರಾಶಿಯ ಕೆಳಗೆ ಹೂತಿಟ್ಟ. ಊರಿನ ಪೊಲೀಸನೇ ಅದನ್ನು ಜರ್ಮನ್ನರ ಕಿವಿಗೆ ಹಾಕಿದ. ಎಗ್‌ಬರ್ಟ್ ಕಾಡಿನಾಚೆಯ ಯಾತನಾಶಿಬಿರಕ್ಕೆ ಹೋದ, ಆಲೂಗಡ್ಡೆ ರಾಶಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಸೈಕಲ್ಲು, ಅಂದರೆ ಎಗ್‌ಬರ್ಟನದೇ ಸೈಕಲ್ಲು, ಪೊಲೀಸನ ಮನೆಗೆ ಹೋಯಿತು. ಆಗ ಬೆರೆಂಡಿನಾ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಯುದ್ಧ ಮುಗಿದ ಮೇಲೆ ಅಪ್ಪ ವಾಪಸು ಬಂದ. ಪಾದಗಳು ಮಾತ್ರ ಸರಿಯಾಗಿ ವಾಪಸು ಬರಲಿಲ್ಲ. ಆಮೇಲೆ ಅವನು ಬದುಕಿದ್ದಷ್ಟು ದಿನವೂ ಕೂತುಕೊಂಡೇ ರಿಪೇರಿ ಮಾಡಿದ.

ದೇಶ ಜರ್ಮನ್ನರಿಂದ ಬಿಡುಗಡೆಯಾದ ವಾರದಲ್ಲೇ ಪೊಲೀಸನನ್ನು ಹಿಡಿದು, ಜರ್ಮನ್ನರ ಜೊತೆ ಕೈಜೋಡಿಸಿದ ಉಳಿದವರೊಂದಿಗೆ ಅದೇ ಶಿಬಿರದ ಅದೇ ಮರದ ಗುಡಿಸಲುಗಳಿಗೆ ತಳ್ಳಿದರು. ಹೊರಬಂದ ಮೇಲೆ ಅವನು ಹೆಂಡತಿ ಮಗನನ್ನು ಕಟ್ಟಿಕೊಂಡು ದೂರದ ಪಟ್ಟಣಕ್ಕೆ ಹೊರಟುಹೋದ. ಊರಿನವರು ಆ ವಿಷಯದ ಬಾಯಿಗೆ ಬೀಗ ಹಾಕಿ ದನ ಕಟ್ಟಲು, ಹಾಲು ಕರೆಯಲು ಹೋದರು. ಬಲ್ಲವರು ಒಬ್ಬೊಬ್ಬರಾಗಿ ಸ್ಮಶಾನ ಸೇರಿದರು.

ಅಷ್ಟೆಲ್ಲ ಆದಮೇಲೆ ಪೊಲೀಸನ ಮಗ ವೋಲ್ಟರ್, ರಿಟೈರಾದ ಹೆಡ್‌ಮಾಸ್ತರ, ಹುಟ್ಟಿದೂರಿಗೆ ಮರಳಿ ಬಂದ. ಬಂದ ವರ್ಷವೇ ಹಿರಿಯರ ಸೈಕಲ್ ಸಂಘದ ಅಧ್ಯಕ್ಷನಾದ, ಮರುವರ್ಷ ಅದರ ಚಕ್ರವರ್ತಿಯಾದ. ಬಿಸ್ಕತ್ತಿನ ಡಬ್ಬಿಯೇ ಅವನ ರಾಜದಂಡ. ಕಾಫಿಯ ಹೊತ್ತಿಗೆ ತಲಾ ಒಂದು ಬಿಸ್ಕತ್ತು ಕೊಟ್ಟು ಟಪ್ಪೆಂದು ಮುಚ್ಚಳ ಹಾಕುತ್ತಿದ್ದ. ಒಂದೇ ಬಿಸ್ಕತ್ತು ಆ ನಾಡಿನ ವಾಡಿಕೆಯೇ, ಅದಕ್ಕೆ ಯಾರೂ ಏನೂ ಅನ್ನುವಂತಿಲ್ಲ. ಆದರೆ ಆ ‘ಟಪ್’ ಬೆರೆಂಡಿನಾಗೆ ಪ್ರತಿಸಲವೂ ತನ್ನ ಬೆರಳ ಮೇಲೇ ಬಿದ್ದಂತೆ ಕೇಳುತ್ತಿತ್ತು.

ಅಲ್ಲಿಯವರೆಗೂ ಅವಳು ತಡೆದುಕೊಂಡಿದ್ದಳು. ಅಪ್ಪನ ಪಾಪ ಮಗನ ತಲೆಗೆ ಯಾಕೆ ಎಂದು ಗಂಡ ಹಾರ್ಮೆನ್ ಹೇಳಿದ್ದಕ್ಕೆ ಗಂಟಲಲ್ಲೇ ನುಂಗಿಕೊಂಡಿದ್ದಳು. ಆದರೆ ಒಂದು ವಸಂತದ ಬೆಳಿಗ್ಗೆ ವೋಲ್ಟರ್ ಕಪ್ಪನೆಯ, ಎಮ್ಮೆಯಷ್ಟು ಭಾರದ ಹಳೆಯ ಸೈಕಲ್ಲೊಂದನ್ನು ತಳ್ಳಿಕೊಂಡು ಬಂದು ಸಂಘದ ಮುಂದೆ ನಿಲ್ಲಿಸಿದ.

“ಇದು ನಮ್ಮಪ್ಪನ ಸೈಕಲ್ಲು. ಅವ್ರು ಮೇಲ್ನೋಟಕ್ಕೆ ಪೊಲೀಸು, ಒಳಗೊಳಗೇ ಜರ್ಮನ್ನರ ವಿರುದ್ಧ ಕೆಲ್ಸ ಮಾಡ್ತಿದ್ರು. ಸಿಕ್ಕಿಬಿದ್ದು ಶಿಬಿರಕ್ಕೂ ಹೋದ್ರು” ಎಂದ. ಸೀಟಿನಿಂದ ಹ್ಯಾಂಡಲಿಗೆ ಹೋಗುವ ಅಡ್ಡ ಕಂಬಿಯ ಮೇಲೆ ಬೆಸೆದಿದ್ದ ಎರಡು ಕಬ್ಬಿಣದ ಕಿವಿಗಳನ್ನು ಸವರುತ್ತ, “ಇಲ್ಲಿ ನೋಡಿ, ಗುಪ್ತ ಕಾಗದದ ಚೀಲ ಸಿಗಿಸೋಕೆ ಅವರೇ ಮಾಡಿಸಿದ್ದು” ಎಂದ.

ಎಲ್ಲರೂ ಆಹಾ ಎಂದರು. ಬೆರೆಂಡಿನಾಳ ಗೆಳತಿ ಮಿಂಚೆ ಕಣ್ಣೊರೆಸಿಕೊಂಡಳು. ಬೆರೆಂಡಿನಾ ಮಾತ್ರ ಬಗ್ಗಿ ನೋಡಿದಳು. ಆ ಕಿವಿಗಳು ಸಿಗಿಸಿಕೊಳ್ಳುತ್ತಿದ್ದದ್ದು ಅವಳ ಅಣ್ಣ ಎವರ್ಟನ ಪುಟ್ಟ ಸೀಟನ್ನು. ಅಪ್ಪ ಮಗನನ್ನು ಮುಂದೆ ಕೂರಿಸಿಕೊಂಡು ಸುತ್ತಲೆಂದು ತಾನೇ ಕಾಯಿಸಿ ಬೆಸೆದದ್ದು. ಎವರ್ಟ್ ಕೆನಡಾ ಸೇರಿ ಮೊಮ್ಮಕ್ಕಳನ್ನು ಕಂಡಿದ್ದ. ಅವನ ಪುಟ್ಟ ಸೀಟು ಮಾತ್ರ ಇನ್ನೂ ಅವಳ ಮನೆಯ ಅಟ್ಟದಲ್ಲೇ ಇತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಊರಿನ ಸಭಾಭವನದ ಗೋಡೆಗೆ ಆ ಸೈಕಲ್ಲನ್ನು ಏರಿಸಿ, ಕೆಳಗೆ ಪೊಲೀಸನ ಹೆಸರಿನ ಹಿತ್ತಾಳೆ ಫಲಕ ಹಾಕುವುದೆಂದು ತೀರ್ಮಾನವಾಯಿತು. ಗೋಡೆಗೆ ಮೊಳೆಯನ್ನೂ ಹೊಡೆದಾಯಿತು. ಮುಂದಿನ ಭಾನುವಾರ ಸಮಾರಂಭ. ಅಷ್ಟರೊಳಗೆ ಅಪ್ಪನ ಸೈಕಲ್ಲು ಕೈಗೆ ಬರದಿದ್ದರೆ, ಅಪ್ಪನನ್ನು ಹಿಡಿದುಕೊಟ್ಟವನ ಹೆಸರಿನ ಮೇಲೆ ಅದು ಶಾಶ್ವತವಾಗಿ ಕೂತುಬಿಡುತ್ತಿತ್ತು.

“ಹೋಗಿ ಹೇಳಿಬಿಡೇ ಎಲ್ಲರ ಮುಂದೆ” ಎಂದ ಹಾರ್ಮೆನ್.

“ಹೇಳಿದ್ರೆ ಏನಂತಾರೆ ಗೊತ್ತಾ? ‘ಅಯ್ಯೋ, ಬೆರೆಂಡಿನಾಗೆ ಯಾರ ಮೇಲೆ ತಾನೇ ಸಿಟ್ಟಿಲ್ಲ?’ ಅಂತಾರೆ. ನಾನು ಹೇಳಬಾರ್ದು ರೀ. ಅವನ ಬಾಯಿಂದ್ಲೇ ಬರಬೇಕು.”

ಅವಳ ಅದೃಷ್ಟಕ್ಕೆ ಆ ವಾರ ದಾರಿ ಹಾಕುವ ಸರದಿ ಅವಳದಾಗಿತ್ತು. ಅಲ್ಲಿ ಸೈಕಲ್ ದಾರಿಗಳು ಕೂಡುವ ಕಡೆಯಲ್ಲೆಲ್ಲ ಕಂಬ ನೆಟ್ಟು ಒಂದೊಂದು ಅಂಕೆ ಬರೆದಿರುತ್ತಾರೆ. ಅಂಕೆಗಳನ್ನು ಪೋಣಿಸಿಕೊಂಡು ಹೋದರೆ ದೇಶವನ್ನೇ ಸುತ್ತಿ ಬರಬಹುದು. ಸಂಘದಲ್ಲಿ ದಾರಿ ಹಾಕಿದವರು ಮುಂದೆ ಹೋಗುತ್ತ ಅಂಕೆ ಕೂಗಬೇಕು, ಕೊನೆಯವರು ಅದನ್ನೇ ತಿರುಗಿ ಕೂಗಬೇಕು. ಎಲ್ಲಿಗೆ ಎಂದು ಯಾರೂ ಕೇಳುವಂತಿಲ್ಲ, ಕಾಫಿಗೆ ಮೊದಲು ಯಾರೂ ವಾಪಸಾಗುವಂತಿಲ್ಲ. ಈ ಕಾನೂನುಗಳನ್ನೆಲ್ಲ ಮಾಡಿದವನು ವೋಲ್ಟರನೇ.

ಬೆರೆಂಡಿನಾ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ, ಬೆಣ್ಣೆಚಾಕುವನ್ನು ಅದರ ಮೇಲೆ ಓಡಿಸುತ್ತ ಚಕ್ರವ್ಯೂಹ ಹೂಡತೊಡಗಿದಳು. ಶಿಬಿರದ ಜಾಗ ಈಗ ಸ್ಮಾರಕ. ಸೋಮವಾರ ಬಾಗಿಲು ಹಾಕಿರುತ್ತದೆ, ಆದ್ದರಿಂದ ಮಂಗಳವಾರ. ಒಳಗೆ ರೊಟ್ಟಿ ಬಿಚ್ಚಿ ತಿನ್ನಬಾರದು, ಆದ್ದರಿಂದ ಹೋಗುವ ಮೊದಲೇ ಹೊಟ್ಟೆಗೆ ಹಾಕಿಕೊಳ್ಳಲು ಕಾಡಿನ ಬೆಂಚುಗಳು. ಮಿಂಚೆಗೆ ಗಂಟೆಗೊಮ್ಮೆ ಶೌಚಾಲಯ ಬೇಕು, ಆದ್ದರಿಂದ ಹಳೆಯ ಗಾಳಿಯಂತ್ರದ ಪಕ್ಕದ ದಾರಿ. ಯಾವ ಸೇನಾಪತಿಯೂ ತನ್ನ ಸೈನಿಕರ ಮೂತ್ರಕೋಶದ ಬಗ್ಗೆ ಇಷ್ಟು ಆಳವಾಗಿ ಯೋಚಿಸಿರಲಾರ.

“ಅಲ್ಲಿ ಗೈಡ್ ಸಿಗ್ತಾರಂತೆ, ಒಬ್ಬರನ್ನ ಕೇಳಿಡ್ಲಾ?” ಎಂದ ಹಾರ್ಮೆನ್.

“ಬೇಡ. ಗೈಡ್ ಇದ್ರೆ ಈ ಮಹಾರಾಯ ಬಾಯಿ ಮುಚ್ಕೊಂಡಿರ್ತಾನೆ. ಗೈಡ್ ಇಲ್ದೆ ಹೋದ್ರೆ ತಾನೇ ಗೈಡ್ ಆಗ್ತಾನೆ.”

ಹಾರ್ಮೆನ್ ಬಹಳ ಹೊತ್ತು ನಕ್ಷೆ ನೋಡಿದ. ಮದುವೆಯಾಗಿ ನಲವತ್ತು ವರ್ಷವಾದರೂ ಹೆಂಡತಿಯ ಹಗೆಗಳಿಗೆ ಅವನು ಬೆರಳೆತ್ತಿ ಸಹಾಯ ಮಾಡಿದವನಲ್ಲ. ಅವತ್ತು ಬೆರಳೆತ್ತಿ, ಕಾಡಿನ ಹಿಂಬದಿಯ ಒಂದು ಮರಳು ದಾರಿಯ ಮೇಲೆ ಇಟ್ಟ. “ಈ ಕಡೆಯಿಂದ ಹೋಗಿ. ನಮ್ಮ ತೋಟದ ಮನೆ ಇಲ್ಲೇ ಇತ್ತು. ಜರ್ಮನ್ನರು ಇರೋವಾಗ ಈ ದಾರೀಲಿ ಒಂದು ನರಪಿಳ್ಳೆನೂ ಹೋಗೋ ಹಾಗಿರಲಿಲ್ಲ. ಅವ್ರು ಹೋದ್ಮೇಲೆ, ಆ ಬೇಸಿಗೇಲಿ, ಒಳಗೆ ಹಾಕಿದ್ರಲ್ಲ ನಮ್ಮೋರನ್ನ ಹಿಡಿದುಕೊಟ್ಟ ಗಂಡಸರನ್ನ, ಅವರ ಹೆಂಡತೀರು ಮಕ್ಕಳನ್ನ ಕರ್ಕೊಂಡು ಇದೇ ದಾರೀಲಿ ಹೋಗೋರು. ನಮ್ಮಮ್ಮ ಅವ್ರಿಗೆ ಮಜ್ಜಿಗೆ ಕೊಡಬೇಡ ಅಂದಿದ್ಲು. ನಾನು ಕೊಟ್ಟಿದ್ದೆ.”

“ರೀ, ಇಷ್ಟು ವರ್ಷ ಇದನ್ನ ಎಲ್ಲಿ ಇಟ್ಕೊಂಡಿದ್ರಿ?”

“ನೀನು ಕೇಳ್ಲಿಲ್ಲ” ಎಂದ ಹಾರ್ಮೆನ್.

ಇನ್ನು ಉಳಿದದ್ದು ಎದುರಾಳಿಯನ್ನು ಆಯುಧಸಮೇತ ರಣರಂಗಕ್ಕೆ ತರುವುದು. ಬೆರೆಂಡಿನಾ ಮುಖಕ್ಕೆ ಜೇನು ಬಳಿದುಕೊಂಡು ವೋಲ್ಟರನ ಬಾಗಿಲು ತಟ್ಟಿದಳು. “ಅಧ್ಯಕ್ಷರೇ, ಪಾಪ, ಆ ಸೈಕಲ್ಲು ಗೋಡೆ ಏರಿದ್ಮೇಲೆ ಮತ್ತೆ ನೆಲ ಮುಟ್ಟುತ್ತಾ? ಮಂಗಳವಾರ ಅದರ ಕೊನೇ ಸವಾರಿ ಆಗ್ಲಿ. ನೀವೇ ತುಳೀಬೇಕು.”

“ನಿಮಗೂ ಇಂಥ ಭಾವನೆ ಇದೆ ಅಂತ ಗೊತ್ತಿರ್ಲಿಲ್ಲ, ಬೆರೆಂಡಿನಾ.”

“ನನಗೂ ಗೊತ್ತಿರ್ಲಿಲ್ಲ” ಎಂದಳು ಅವಳು, ಮನಸಾರೆ.

ಮಂಗಳವಾರ ಹನ್ನೊಂದು ಮಂದಿಯ ಸೇನೆ ಹೊರಟಿತು. ಬೆರೆಂಡಿನಾಳ ಹಸಿರು ಲೇಡೀಸ್ ಸೈಕಲ್ಲಿನ ಮುಂಬುಟ್ಟಿಯಲ್ಲಿ ಪ್ಲಾಸ್ಟಿಕ್ ಸೂರ್ಯಕಾಂತಿ, ಹಿಂದಿನ ಚೀಲದಲ್ಲಿ ಟವೆಲ್ಲಿನಲ್ಲಿ ಸುತ್ತಿದ ಎವರ್ಟನ ಪುಟ್ಟ ಸೀಟು. ಅವಳು ಅಂಕೆ ಕೂಗಿದಳು, ಕೊನೆಯಲ್ಲಿದ್ದ ವೋಲ್ಟರ್ ಮೇಷ್ಟರ ಗಂಟಲಲ್ಲಿ ತಿರುಗಿ ಕೂಗಿದ. ಎದುರುಗಾಳಿಗೆ ಆ ಕಪ್ಪು ಸೈಕಲ್ಲನ್ನು ತುಳಿದು ತುಳಿದು ಅವನ ಮುಖ ಬೀಟ್‌ರೂಟಿನಂತಾಗಿತ್ತು. ಆ ಗಾಳಿಯನ್ನೂ ತಾನೇ ಏರ್ಪಾಡು ಮಾಡಿದಷ್ಟು ಸಂತೋಷ ಬೆರೆಂಡಿನಾಗೆ.

ಬೆಂಚುಗಳ ಮೇಲೆ ಚೀಸಿನ ರೊಟ್ಟಿ ತಿಂದು, ಮರಳು ದಾರಿ ಹಿಡಿದು, ಪೈನ್ ಮರಗಳ ನಡುವಿನಿಂದ ಹೊರಬಂದಾಗ ತಂತಿಬೇಲಿ ಕಂಡಿತು, ಒಂದು ಕಾವಲು ಗೋಪುರ ಕಂಡಿತು. ಬೇಲಿಯಾಚೆಯ ಬಯಲಿನಲ್ಲಿ ಗುಡಿಸಲುಗಳಿದ್ದ ಕಡೆ ಈಗ ಬರಿಯ ಕಲ್ಲಿನ ಅಂಚುಗಳು, ಅವುಗಳ ನಡುವೆ ಕತ್ತರಿಸಿದ ಹುಲ್ಲು. ಎಲ್ಲರೂ ಸೈಕಲ್ಲಿನಿಂದ ಇಳಿದರು. ಬೆರೆಂಡಿನಾ ಅಪ್ಪನ ಪಾದಗಳನ್ನು ನೆನೆದಳು. ಅವುಗಳನ್ನು ಈ ಹುಲ್ಲಿನ ಕೆಳಗಿನ ನೆಲವೇ ತಿಂದದ್ದು. ಒಂದು ಗಳಿಗೆ ಅವಳ ಹಗೆಗೂ ಬಾಯಿ ಬರಲಿಲ್ಲ.

ಆಮೇಲೆ ಬಂತು. “ಅಧ್ಯಕ್ಷರೇ, ಇವತ್ತು ಗೈಡ್ ಇಲ್ಲ. ನಿಮ್ಮ ತಂದೆ ಇದ್ದ ಜಾಗ. ನೀವೇ ತೋರಿಸ್ಬೇಕು.”

ವೋಲ್ಟರ್ ಆ ಮರಳು ದಾರಿಯನ್ನು, ಹಿಂದಿನ ಗೇಟಿನ ಎರಡು ಕಲ್ಲುಕಂಬಗಳನ್ನು, ಪಕ್ಕದ ದೊಡ್ಡ ಓಕ್ ಮರವನ್ನು ನೋಡುತ್ತ ಸೈಕಲ್ಲು ತಳ್ಳಿಕೊಂಡು ಮುಂದೆ ನಡೆದ. ಮರದ ಬುಡದಲ್ಲಿ ನಿಂತ. ಅವನ ಗಂಟಲಿನಿಂದ ಮೇಷ್ಟರು ಇಳಿದುಹೋಗಿದ್ದರು.

“ಇಲ್ಲಿ ನಿಲ್ತಿದ್ವಿ. ಅಮ್ಮ, ನಾನು. ಭಾನುವಾರ ಭಾನುವಾರ. ಅಮ್ಮ ಪ್ಯಾನ್‌ಕೇಕ್ ಮಾಡಿ ಬಟ್ಟೇಲಿ ಸುತ್ಕೊಂಡು ತರೋಳು. ಆ ಕಂಬದ ಹತ್ರ ಕಾವಲಿನವ್ರು ನಮ್ಮ ಕೈಯಿಂದ ಇಸ್ಕೊಳ್ಳೋರು.”

“ಹೇಗೆ ಬರ್ತಿದ್ರಿ ಇಷ್ಟು ದೂರ?” ಎಂದು ಮಿಂಚೆ ಕೇಳಿದಳು. ಅವಳಿಗೆ ಯಾವ ಸಂಚೂ ಗೊತ್ತಿರಲಿಲ್ಲ.

“ಇದೇ ಸೈಕಲ್ಲಲ್ಲಿ. ಅಮ್ಮ ನನ್ನನ್ನ ಮುಂದಿನ ಕಂಬಿ ಮೇಲೆ ಕೂರಿಸ್ತಿದ್ಲು. ಸೀಟು ಇರ್ಲಿಲ್ಲ. ಈ ಎರಡು ಕಿವಿ ಇದಾವಲ್ಲ, ಇವು ತೊಡೆಗೆ ಒತ್ತಿ ಒತ್ತಿ... ಅಳಬೇಡ ಅನ್ನೋಳು. ದಾರಿ ಉದ್ದಕ್ಕೂ ಮನೆಗಳ ಮೇಲೆ ಬಾವುಟ ಇನ್ನೂ ಹಾರಾಡ್ತಿದ್ವು. ಕಿತ್ತಳೆ ರಿಬ್ಬನ್ನು. ಎಷ್ಟು ಚೆನ್ನಾಗಿದೆ ಅಂತ ತೋರಿಸಿದ್ರೆ ಅಮ್ಮ ನೋಡ್ತಾನೇ ಇರ್ಲಿಲ್ಲ.”

ಅಲ್ಲಿದ್ದವರೆಲ್ಲ ಆ ನಾಡಿನವರೇ. ಮನೆಗಳ ಮೇಲೆ ಬಾವುಟ ಮತ್ತು ತಮ್ಮ ರಾಜಮನೆತನದ ಬಣ್ಣದ ಆ ಕಿತ್ತಳೆ ರಿಬ್ಬನ್ನು ಯಾವ ಬೇಸಿಗೆಯಲ್ಲಿ ಹಾರಾಡಿದವೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಜರ್ಮನ್ನರು ಹೋದ ಬೇಸಿಗೆ. ಆ ಬೇಸಿಗೆಯಲ್ಲಿ ಈ ಬೇಲಿಯ ಒಳಗೆ ಯಾರಿದ್ದರೆಂಬುದನ್ನೂ.

“ಆ ಬೇಸಿಗೇಲಿ ನಮ್ಮಪ್ಪ ಮನೇಲಿದ್ದ” ಎಂದಳು ಬೆರೆಂಡಿನಾ, ಮೆತ್ತಗೆ. “ಈ ಬೇಲಿಯಿಂದ ಹೊರಗೆ ಬಂದು, ಕಾಲು ಬಿಸಿನೀರಲ್ಲಿ ಇಟ್ಕೊಂಡು ಕೂತಿದ್ದ. ನಿಮ್ಮಪ್ಪ ಯಾವಾಗ ಒಳಗೆ ಹೋದ್ರು, ವೋಲ್ಟರ್?”

ವೋಲ್ಟರ್ ಬಾಯಿ ತೆರೆದ. ತನ್ನ ಮಾತು ಆಗಲೇ ಆಡಿಯಾಗಿದೆ ಎಂಬುದು ಅವನಿಗೆ ಆಗ ತಿಳಿಯಿತು. ಅವನ ಮುಖ ನೋಡಿದರೆ, ಆ ಸುದ್ದಿಯನ್ನು ಅವನೂ ಈಗ ತಾನೇ ಬೇರೆ ಯಾರಿಂದಲೋ ಕೇಳಿದಂತಿತ್ತು. ತಾಯಿ ಹೇಳಿಕೊಟ್ಟ ಕತೆಯೂ ಅವನ ತೊಡೆ ನೆನಪಿಟ್ಟುಕೊಂಡ ಕತೆಯೂ ಅರವತ್ತೈದು ವರ್ಷ ಒಂದೇ ಮನೆಯ ಬೇರೆ ಬೇರೆ ಕೋಣೆಗಳಲ್ಲಿದ್ದು, ಇವತ್ತು ಓಣಿಯಲ್ಲಿ ಎದುರುಬದುರಾಗಿದ್ದವು. ಬೆರೆಂಡಿನಾಗೆ ಕನಿಕರ ಬಂತು. ಸುಳ್ಳಲ್ಲ, ನಿಜವಾಗಿಯೂ ಬಂತು. ಆದರೆ ಸೈಕಲ್ಲೂ ಬೇಕಾಗಿತ್ತು.

ಅವಳು ಚೀಲದಿಂದ ಟವೆಲ್ ತೆಗೆದು, ಒಂದೊಂದೇ ಮಡಿಕೆ ಬಿಡಿಸಿದಳು. ಇಂಥ ಗಳಿಗೆಯಲ್ಲಿ ಅವಸರ ಮಾಡುವಷ್ಟು ದಡ್ಡಿ ಅವಳಲ್ಲ. ಚರ್ಮ ಒಣಗಿ ಬಿರುಕುಬಿಟ್ಟ ಪುಟ್ಟ ಸೀಟು, ಕೆಳಗೆ ಎರಡು ಕೊಕ್ಕೆ. ಕಪ್ಪು ಸೈಕಲ್ಲಿನ ಕಂಬಿಯ ಮೇಲೆ ಅದನ್ನಿಟ್ಟು ಅಂಗೈಯಿಂದ ಒತ್ತಿದಳು. ಕೊಕ್ಕೆಗಳು ಕಿವಿಗಳೊಳಗೆ ‘ಟಪ್’ ಎಂದು ಕೂತವು. ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಎಲ್ಲ ಟಪ್ಪುಗಳಿಗೂ ಅದೊಂದೇ ಉತ್ತರ.

“ಗುಪ್ತ ಕಾಗದ ಸಿಗಿಸೋ ಜಾಗ ಅಲ್ಲ ಅದು. ನಮ್ಮಣ್ಣನ ಕುಂಡೆ ಸಿಗಿಸೋ ಜಾಗ. ನಮ್ಮಪ್ಪನ ಸೈಕಲ್ಲು ಕೊಡಿ ಇಲ್ಲಿ.”

ಮಿಂಚೆ “ಅಯ್ಯೋ ದೇವ್ರೇ” ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ವೋಲ್ಟರ್ ಹ್ಯಾಂಡಲನ್ನು ಇನ್ನೊಂದು ಕ್ಷಣ ಹಿಡಿದಿದ್ದ. ಆಮೇಲೆ ಬಿಟ್ಟ.

“ಭಾನುವಾರದ ಸಮಾರಂಭ...” ಎಂದ, ಯಾರ ಮುಖವನ್ನೂ ನೋಡದೆ.

“ಮೊಳೆ ಹೊಡೆದಾಗಿದೆ. ಮೊಳೆನೇ ನೋಡ್ಕೊಂಡು ಚಪ್ಪಾಳೆ ತಟ್ಟಲಿ” ಎಂದಳು ಬೆರೆಂಡಿನಾ.

ಆಮೇಲೆ ಎಲ್ಲರೂ ಬಯಲನ್ನು ಸುಮ್ಮನೆ ಒಂದು ಸುತ್ತು ಹಾಕಿದರು. ವೋಲ್ಟರನೂ ಹಾಕಿದ, ಎಲ್ಲರಿಗಿಂತ ನಿಧಾನವಾಗಿ. ಗೇಟಿನ ಹೊರಗೆ ಫ್ಲಾಸ್ಕುಗಳು ಬಿಚ್ಚಿಕೊಂಡವು. ವೋಲ್ಟರ್ ಡಬ್ಬಿ ತೆರೆದು ಸಾಲಾಗಿ ಹಿಡಿಯುತ್ತ ಬಂದ. ಬೆರೆಂಡಿನಾ ಒಂದು ತೆಗೆದುಕೊಂಡಳು. ಅವನು ಕದಲುವ ಮೊದಲೇ ಇನ್ನೊಂದನ್ನೂ ತೆಗೆದುಕೊಂಡಳು. ವೆಸ್ಸೆಲ್‌ಬೇಕದ ಇತಿಹಾಸದಲ್ಲಿ ಎರಡನೆಯ ಬಿಸ್ಕತ್ತು ತೆಗೆದವರು ಅವತ್ತಿನವರೆಗೆ ಯಾರೂ ಇರಲಿಲ್ಲ. ಮುಚ್ಚಳ ಸದ್ದಿಲ್ಲದೆ ಮುಚ್ಚಿಕೊಂಡಿತು.

ವಾಪಸು ಹೊರಡುವಾಗ ಅವಳು ಕಪ್ಪು ಸೈಕಲ್ಲನ್ನು ಏರಿದಳು. ಕಾಲು ಪೆಡಲಿಗೆ ಅಷ್ಟಕ್ಕಷ್ಟೇ ಎಟುಕುತ್ತಿತ್ತು, ಪುಟ್ಟ ಸೀಟು ಮೊಣಕಾಲಿಗೆ ತಗಲುತ್ತಿತ್ತು, ಗಾಳಿ ದಿಕ್ಕು ಬದಲಿಸಿ ಈಗಲೂ ಎದುರಿಗೇ ಇತ್ತು. ಯಾವುದೂ ಲೆಕ್ಕಕ್ಕಿರಲಿಲ್ಲ. ಹಿಂದೆ, ಎಲ್ಲರಿಗಿಂತ ಕೊನೆಯಲ್ಲಿ, ಸೂರ್ಯಕಾಂತಿಯ ಬುಟ್ಟಿ ಹೊತ್ತ ಹಸಿರು ಲೇಡೀಸ್ ಸೈಕಲ್ಲಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಅಧ್ಯಕ್ಷರು ಬರುತ್ತಿದ್ದರು.

ಮೊದಲ ಕಂಬ ಬಂತು. “ಎಪ್ಪತ್ತೆರಡು!” ಎಂದು ಕೂಗಿದಳು ಬೆರೆಂಡಿನಾ.

ಹಿಂದಿನಿಂದ ಸದ್ದಿಲ್ಲ.

ಅವಳು ಬ್ರೇಕ್ ಹಾಕಿದಳು. ಇಡೀ ಸೇನೆ ನಿಂತಿತು. “ಕೊನೆಯವ್ರು ತಿರುಗಿ ಕೂಗ್ಬೇಕು, ಅಧ್ಯಕ್ಷರೇ. ನಿಮ್ಮದೇ ಕಾನೂನು.”

“ಎಪ್ಪತ್ತೆರಡು” ಎಂದಿತು ಸಣ್ಣ ದನಿ.

“ಕೇಳಿಸ್ಲಿಲ್ಲ.”

“ಎಪ್ಪತ್ತೆರಡು!”

ಬೆರೆಂಡಿನಾ ಅಪ್ಪನ ಸೈಕಲ್ಲಿನ ಗಂಟೆ ಬಾರಿಸಿ ಮತ್ತೆ ತುಳಿಯತೊಡಗಿದಳು. ಮನೆಯವರೆಗೆ ಇನ್ನೂ ಸುಮಾರು ಕಂಬಗಳಿದ್ದವು. ಕಡಿಮೆ ಕಂಬಗಳ ಹತ್ತಿರದ ದಾರಿಯೊಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ದೂರದ್ದನ್ನೇ ಹಿಡಿದಳು.